ಅಜ್ಜಿ ಬಂದಳು, ಅಡಗಿಕೋ!

ಆರನೇ ತರಗತಿಯ ಮಕ್ಕಳಿಗೆ ಒಂದು ಪ್ರಬಂಧ ಕೊಟ್ಟಿದ್ದೆವು. ವಿಷಯ: ‘ನಾನು ತುಂಬಾ ಹೆದರಿದ ದಿನ’. ಇದು ನಮ್ಮ ಹಳೆಯ ಅಸ್ತ್ರ. ಹೊರಗೆ ಧೋ ಎಂದು ಮಳೆ ಸುರಿದು, ಕರೆಂಟೂ ಹೋಗಿ, ವ್ಯಾಕರಣ ಯಾರ ತಲೆಗೂ ಇಳಿಯದ ಹೊತ್ತಿನಲ್ಲಿ ಈ ವಿಷಯ ಕೊಟ್ಟರೆ ಸಾಕು, ಎರಡು ಸಾಲು ಬರೆಯಲು ಒದ್ದಾಡುವವರೂ ಎರಡು ಪುಟ ಬರೆಯುತ್ತಾರೆ. ವರ್ಷವೂ ಬರುವುದು ಹೆಚ್ಚುಕಮ್ಮಿ ಅವೇ ಕತೆಗಳು. ಬಚ್ಚಲುಮನೆಯಲ್ಲಿ ಕಂಡ ನಾಗರಹಾವು, ತೋಡು ದಾಟುವಾಗ ಏರಿದ ನೀರು, ಗುಳಿಗನ ಕೋಲದ ರಾತ್ರಿ, ತೋಟದ ಆಚೆ ಹೊತ್ತಿ ಆರಿದ ಬೆಂಕಿ...

ಈ ಸಲ ಇಪ್ಪತ್ತೊಂದು ಪುಸ್ತಕ ತಿದ್ದಲು ಕೂತಾಗ ನಮಗೇ ಆಶ್ಚರ್ಯ. ಹಾವು ಎರಡೇ. ತೋಡು ಒಂದು. ಒಂಬತ್ತು ಮಕ್ಕಳು ಹೆದರಿದ್ದು ಒಬ್ಬಳೇ ಮುದುಕಿಗೆ! ಅವಳ ಹೆಸರು ಗ್ರಾನಿ. (ಗ್ರ್ಯಾನಿ, ಗ್ರೇನಿ, ಗ್ರಾಣಿ... ಒಂದೊಂದು ಪುಸ್ತಕದಲ್ಲಿ ಒಂದೊಂದು ಕಾಗುಣಿತ. ಒಬ್ಬ ಮಹಾನುಭಾವನಂತೂ ‘ಗರಣಿ’ ಎಂದು ಬರೆದಿದ್ದ.) ಓದುತ್ತಾ ನಗು ಬರುತ್ತಿತ್ತು. ಹತ್ತನೆಯದೋ ಹನ್ನೊಂದನೆಯದೋ ಪುಸ್ತಕಕ್ಕೆ ಬಂದಾಗ ನಗು ನಿಂತಿತು. ಒಬ್ಬ ಹುಡುಗ, ತರಗತಿಯಲ್ಲಿ ಸದ್ದೇ ಇಲ್ಲದವನು, ಹೀಗೆ ಮುಗಿಸಿದ್ದ:

“ನಮ್ಮ ಅಜ್ಜಿ ರಾತ್ರಿ ಏಳುತ್ತಾರೆ. ಅವರ ಕೋಲಿನ ಶಬ್ದ ಕೇಳುತ್ತದೆ. ಆಗ ನಾನು ಉಸಿರು ಬಿಡುವುದಿಲ್ಲ. ಈಗ ನಾನು ಅಜ್ಜಿಯ ಹತ್ತಿರ ಮಲಗುವುದಿಲ್ಲ.”

ಕಾಗುಣಿತ ತಪ್ಪು ಒಂದೂ ಇರಲಿಲ್ಲ. ಆದರೂ ‘ಉತ್ತಮ’ ಎಂದು ಬರೆಯಲು ಕೈ ಬರಲಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇವೆ. ಗ್ರಾನಿ ಎಂಬುದು 2017ರಲ್ಲಿ ಬಂದ ಒಂದು ಮೊಬೈಲ್ ಆಟ. ಡಿವಿಲೋಪರ್ ಎಂಬ ಹೆಸರಿನಲ್ಲಿ ಒಬ್ಬನೇ ಮನುಷ್ಯ ಮಾಡಿದ್ದು. ಪುಕ್ಕಟೆ ಸಿಗುತ್ತದೆ, ದೊಡ್ಡ ಫೋನೂ ಬೇಡ. ಹಾಗಾಗಿ ನಮ್ಮ ಹಳ್ಳಿಗಳವರೆಗೂ ಬಂದು ಮುಟ್ಟಿದೆ. ಆಟದಲ್ಲಿ ನೀವು ಕತ್ತಲೆಯ ಒಂದು ಹಳೆಯ ಮನೆಯಲ್ಲಿ ಎಚ್ಚರಗೊಳ್ಳುತ್ತೀರಿ. ಬಾಗಿಲಿಗೆ ಹಲವು ಬೀಗ. ಐದು ದಿನದೊಳಗೆ ಕೀಲಿ, ಸುತ್ತಿಗೆ, ಕಟ್ಟಿಂಗ್ ಪ್ಲಯರ್ ಎಲ್ಲ ಹುಡುಕಿ ಹೊರಗೆ ಬರಬೇಕು. ಮನೆಯಲ್ಲಿ ಕೈಯಲ್ಲಿ ದೊಣ್ಣೆ ಹಿಡಿದ ಒಬ್ಬ ಅಜ್ಜಿ ಇದ್ದಾಳೆ. ಅವಳಿಗೆ ಎಲ್ಲವೂ ಕೇಳುತ್ತದೆ. ಒಂದು ಹೂದಾನಿ ಬಿದ್ದರೆ ಸಾಕು, ಬಂದೇ ಬಿಡುತ್ತಾಳೆ. ಆಗ ಮಂಚದಡಿಯಲ್ಲೋ ಕಪಾಟಿನೊಳಗೋ ಅಡಗಬೇಕು. ಸಿಕ್ಕಿಬಿದ್ದರೆ ಒಂದು ದಿನ ಹೋಯಿತು. ಆಟ ಇಷ್ಟೇ.

ಇಂಥದ್ದು ಕಂಡಾಗ ನಮ್ಮಂಥ ಮಾಷ್ಟ್ರುಗಳು ಮೊದಲು ಮಾಡುವುದೇನು? ಅಸೆಂಬ್ಲಿಯಲ್ಲಿ ಹತ್ತು ನಿಮಿಷ ಭಾಷಣ! ನಾವೂ ಅದರಲ್ಲಿ ಪಳಗಿದವರೇ. 2017ರಲ್ಲಿ ‘ಬ್ಲೂ ವೇಲ್’ ಎಂಬ ಹೆಸರು ಕೇಳಿ ಕೇರಳವೆಲ್ಲ ನಡುಗಿತ್ತು, ನೆನಪಿದೆಯಾ? ಅದನ್ನು ನಿಷೇಧಿಸಬೇಕೆಂದು ಆ ಆಗಸ್ಟಿನಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರೇ ಕೇಂದ್ರಕ್ಕೆ ಪತ್ರ ಬರೆದಿದ್ದರು. ನಾವು ಪಿ.ಟಿ.ಎ. ಸಭೆಯಲ್ಲಿ ಮೈಕ್ ಹಿಡಿದು, ಕಣ್ಣಾರೆ ಕಂಡವರಂತೆ, ಆ ಆಟ ಮಕ್ಕಳನ್ನು ಹೇಗೆ ಕೊಲ್ಲುತ್ತದೆಂದು ವಿವರಿಸಿದ್ದೆವು. ಎದುರು ಕೂತ ತಾಯಂದಿರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದರು. 2018ರ ಆರಂಭದಲ್ಲಿ ಕೇಂದ್ರ ಸರಕಾರ ಸಂಸತ್ತಿನಲ್ಲಿ ಹೇಳಿದ್ದೇನು? ತನಿಖೆಯಾದ ಸಾವುಗಳಲ್ಲಿ ಯಾವುದರಲ್ಲೂ ಆ ಆಟದ ಕೈವಾಡ ಖಚಿತವಾಗಿಲ್ಲ ಎಂದು. ಅದನ್ನು ಹೇಳಲು ನಾವು ಮತ್ತೊಂದು ಸಭೆ ಕರೆದೆವಾ? ಇಲ್ಲ. ಹೆದರಿಸುವ ಆಟಗಳ ಬಗ್ಗೆ ಮಾತನಾಡುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು. ಆ ವರ್ಷ ಊರಿನವರನ್ನು ಹೆದರಿಸಿದವರು ನಾವೇ.

ಇನ್ನೊಂದನ್ನೂ ಒಪ್ಪಿಕೊಳ್ಳೋಣ. 2020ರ ಜೂನಿನಲ್ಲಿ ಶಾಲೆ ಮುಚ್ಚಿ ‘ಫಸ್ಟ್ ಬೆಲ್’ ತರಗತಿಗಳು ಶುರುವಾದಾಗ, ಫೋನ್ ಇಲ್ಲದ ಮನೆಗಳಿಗೆ ಫೋನ್ ಮಾಡಿಸಿಕೊಡಿ ಎಂದು ಬಾಗಿಲು ಬಾಗಿಲಿಗೆ ಹೋದವರು ಯಾರು? ನಾವೇ. ಹಳೆಯ ಫೋನು ಕೇಳಿ ತಂದು ಹಂಚಿದವರೂ ನಾವೇ. ಕೊಟ್ಟದ್ದು ಪಾಠಕ್ಕೆ, ನಿಜ. ಪಾಠ ಅರ್ಧ ಗಂಟೆಯದ್ದು. ದಿನ ಇಪ್ಪತ್ತನಾಲ್ಕು ಗಂಟೆಯದ್ದು!

ಹಾಗಾಗಿ ಈ ಸಲ ಭಾಷಣ ಬೇಡ, ಮೊದಲು ಆಡಿ ನೋಡೋಣ ಎಂದುಕೊಂಡೆವು.

ನಾವೇನೂ ಆಟಗಾರರಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಕ್ಯಾಂಡಿ ಕ್ರಶ್, ಅಷ್ಟೇ. ಟಿ.ಸಿ.ಎಚ್. ಓದುವ ಕಾಲದಲ್ಲಿ, ಅಂದರೆ 2000ದ ಆಸುಪಾಸಿನಲ್ಲಿ, ಸೈಬರ್ ಕೆಫೆಗೆ ಹೋದವರು ಗಂಟೆಗೆ 25 ರೂಪಾಯಿ ತೆತ್ತು ‘ಹೌಸ್ ಆಫ್ ದಿ ಡೆಡ್’ ಆಡಿದ್ದುಂಟು. ಹೆಣಗಳು ಎದ್ದು ಬರುತ್ತವೆ, ಮೌಸ್ ಒತ್ತಿ ಗುಂಡು ಹೊಡೆಯುವುದು. ಪಕ್ಕದಲ್ಲಿ ನಾಲ್ಕು ಜನ ಗೆಳೆಯರು ನಿಂತು “ಎಡಕ್ಕೆ, ಎಡಕ್ಕೆ!” ಎಂದು ಬೊಬ್ಬೆ ಹಾಕುತ್ತಿದ್ದರು. ಹೆದರಿಕೆಗಿಂತ ನಗುವೇ ಹೆಚ್ಚು. ಹಾಗಾಗಿ ಮೊಬೈಲಿನ ಒಬ್ಬ ಮುದುಕಿ ನಮಗೇನು ಮಾಡಿಯಾಳು ಎಂಬ ಧೈರ್ಯವಿತ್ತು.

ರಾತ್ರಿ ಹನ್ನೊಂದು ಗಂಟೆ. ಮನೆಯವರೆಲ್ಲ ಮಲಗಿದ್ದಾರೆ. ಮಕ್ಕಳು ಹೇಗೆ ಆಡುತ್ತಾರೋ ಹಾಗೆಯೇ, ದೀಪ ಆರಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತೆವು. ಮೊದಲ ಐದು ನಿಮಿಷ ಏನೂ ಇಲ್ಲ. ಖಾಲಿ ಕೋಣೆ, ಹಲಗೆಯ ನೆಲ ಕಿರ್ ಎನ್ನುತ್ತದೆ. ಒಂದು ಡ್ರಾಯರ್ ತೆರೆದೆವು. ಮೇಜಿನ ಮೇಲಿದ್ದುದೇನೋ ಕೆಳಗೆ ಬಿತ್ತು. ಆಮೇಲೆ ಎಲ್ಲೋ ದೂರದಲ್ಲಿ ಹೆಜ್ಜೆ. ಮಂಚದಡಿಗೆ ನುಗ್ಗಿದೆವು. ಕಾಲು ಮಾತ್ರ ಕಾಣುತ್ತದೆ, ಬಂದು ನಿಂತಿದೆ. ಹೋಗುವುದಿಲ್ಲ. ಆಗಲೇ ನಮ್ಮ ಮನೆಯವರು ನೀರು ಕುಡಿಯಲು ಎದ್ದವರು ಬಂದು ಹೆಗಲು ಮುಟ್ಟಿದರು ನೋಡಿ... ಫೋನು ಒಂದು ಕಡೆ, ನಾವು ಒಂದು ಕಡೆ! ನಲುವತ್ತು ದಾಟಿದ ಸರಕಾರಿ ಅಧ್ಯಾಪಕನ ಕಿರುಚು ಕೇಳಿ ಪಕ್ಕದ ಮನೆಯ ನಾಯಿ ಬೊಗಳಿತು. ಆ ರಾತ್ರಿ ಬಚ್ಚಲಿಗೆ ಹೋಗುವಾಗ ಅಂಗಳದ ದೀಪವನ್ನೂ ಹಾಕಿದೆವು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಇಷ್ಟು ಹೆದರಿಕೆ ಎಲ್ಲಿಂದ ಬಂತು? ಚಿತ್ರವೇನೂ ಅಷ್ಟು ಚೆನ್ನಾಗಿಲ್ಲ, ಮುದುಕಿ ಮಣ್ಣಿನ ಬೊಂಬೆಯ ಹಾಗಿದ್ದಾಳೆ. ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಅಕ್ಕನ ಮಗನಲ್ಲಿ ಕೇಳಿದೆವು. ಅವನು ರಜೆಯಲ್ಲಿ ಬಂದಾಗ ಲ್ಯಾಪ್‌ಟಾಪಿನಲ್ಲಿ ‘ಅಮ್ನೀಶಿಯಾ’ ಎಂಬ ಆಟ ತೋರಿಸಿದ. ಸ್ವೀಡನ್ನಿನವರು 2010ರಲ್ಲಿ ಮಾಡಿದ್ದು. ಅದರಲ್ಲಿ ನಮ್ಮ ಕೈಗೆ ಆಯುಧವೇ ಇಲ್ಲ. ಇರುವುದು ಒಂದು ಲಾಟೀನು, ಅದರಲ್ಲಿ ಎಣ್ಣೆ ಮುಗಿಯುತ್ತಾ ಬರುತ್ತದೆ. ಕತ್ತಲಲ್ಲಿ ಹೆಚ್ಚು ಹೊತ್ತು ನಿಂತರೆ ಆಟದ ಮನುಷ್ಯನ ಬುದ್ಧಿಯೇ ಕದಡುತ್ತದೆ. ಗೆಲ್ಲಬೇಕೆಂದು ಆಡಬೇಡಿ, ಕಿವಿಗೆ ಹೆಡ್‌ಫೋನ್ ಹಾಕಿ ಅದರೊಳಗೆ ಮುಳುಗಿರಿ ಎಂದು ಆಟ ಮಾಡಿದವರೇ ಶುರುವಿನಲ್ಲಿ ಹೇಳುತ್ತಾರೆ. 1999ರ ‘ಸೈಲೆಂಟ್ ಹಿಲ್’ ಎಂಬ ಜಪಾನಿನ ಆಟದ ಕತೆ ಇನ್ನೂ ಸ್ವಾರಸ್ಯ. ಅಂದಿನ ಪ್ಲೇಸ್ಟೇಷನ್ ಯಂತ್ರಕ್ಕೆ ದೂರದ ಬೀದಿ, ಮನೆಗಳನ್ನೆಲ್ಲ ಚಿತ್ರಿಸುವ ಶಕ್ತಿ ಇರಲಿಲ್ಲವಂತೆ. ಅದಕ್ಕೆ ಊರಿಗೇ ಮಂಜು ಹಾಕಿದರು. ಆ ಮಂಜೇ ಆಟದ ದೊಡ್ಡ ಹೆದರಿಕೆಯಾಯಿತು! ಮಳೆಗಾಲದಲ್ಲಿ ಪೊಸಡಿಗುಂಪೆ ಹತ್ತಿದವರಿಗೆ ಇದು ಬೇಗ ಅರ್ಥವಾದೀತು. ನಮ್ಮ ಗುಡ್ಡಗಳ ಸುರಂಗದೊಳಗೆ, ಮುರಕಲ್ಲಿನ ಗೋಡೆ ಸವರುತ್ತಾ, ಸಣ್ಣ ದೀಪ ಹಿಡಿದು ನೀರಿನ ಒಸರು ಹುಡುಕಿ ಹೋದವರಿಗೆ ಇನ್ನೂ ಚೆನ್ನಾಗಿ ಅರ್ಥವಾದೀತು. ಕಾಣುವುದಕ್ಕಿಂತ ಕಾಣದ್ದೇ ಹೆಚ್ಚು ಹೆದರಿಸುತ್ತದೆ.

ಇದು ನಮಗೆ ಹೊಸತಾ? ಯಕ್ಷಗಾನದ ಬಣ್ಣದ ವೇಷ ನೆನಪಿಸಿಕೊಳ್ಳಿ. ಚಂದ್ರಗಿರಿ ಅಂಬು, ಬಣ್ಣದ ಮಾಲಿಂಗ ಮುಂತಾದವರ ಹೆಸರು ಹೇಳುವಾಗ ನಮ್ಮ ಹಿರಿಯರ ದನಿಯೇ ಬೇರೆಯಾಗುತ್ತಿತ್ತು. ಆ ವೇಷಗಳು ನೇರ ಬಂದು ಮುಖ ತೋರಿಸುವುದಿಲ್ಲ. ಮೊದಲು ತೆರೆಯ ಹಿಂದಿನಿಂದ ಆರ್ಭಟ. ಆಮೇಲೆ ತೆರೆಯ ಮೇಲೆ ಕಿರೀಟದ ತುದಿ. ಚೆಂಡೆ ಏರುತ್ತಾ ಹೋಗುತ್ತದೆ, ಮುಖ ಮಾತ್ರ ಇನ್ನೂ ಇಲ್ಲ. ‘ದೇವಿ ಮಹಾತ್ಮೆ’ಯ ಮಹಿಷಾಸುರನಂತೂ ರಂಗಸ್ಥಳದಿಂದಲೇ ಬರುವವನಲ್ಲ. ದೊಂದಿಯ ಬೆಂಕಿ, ರಾಳದ ಹುಡಿ ಭುಗ್ಗೆನ್ನುತ್ತಾ, ಕೂತ ಜನರ ಬೆನ್ನ ಹಿಂದಿನಿಂದ ಬರುತ್ತಾನೆ. ಆಟ ನೋಡಲು ಬಂದವರು ಆಟದ ಒಳಗೇ ಆಗಿಬಿಡುತ್ತಾರೆ. ಅಕ್ಕನ ಮಗ ಹೇಳುವ ‘ಮುಳುಗುವುದು’ ಇದೇ ಅಲ್ಲವಾ? (ಭೂತದ ಕೋಲ, ತೆಯ್ಯಂಗಳ ಮಾತು ಬೇರೆ. ಅದು ನಂಬಿಕೆ, ಆಟವಲ್ಲ. ಅದನ್ನು ಇಲ್ಲಿ ಎಳೆದು ತರುವುದಿಲ್ಲ.)

ಏಳೋ ಎಂಟೋ ವರ್ಷದವರಿದ್ದಾಗ, ಕೊಯ್ಲಾದ ಗದ್ದೆಯಲ್ಲಿ ಚಾಪೆ ಹಾಸಿ ಕೂತು ನಾವು ಮೊದಲ ಸಲ ಮಹಿಷಾಸುರನನ್ನು ಕಂಡೆವು. ಕಂಡೆವು ಎಂದರೆ ಸುಳ್ಳು, ಅಜ್ಜಿಯ ಸೆರಗಿನೊಳಗೆ ಮುಖ ಹುಗಿದಿದ್ದೆವು. ಅಜ್ಜಿ ತಲೆ ಸವರುತ್ತಾ, “ನೋಡು, ಹೋದ ಅವ. ಈಗ ನೋಡು” ಎನ್ನುತ್ತಿದ್ದರು. ಬೆಳಗಾಯಿತು, ಮಂಗಳ ಹಾಡಿ ಆಟ ಮುಗಿಯಿತು. ಅಜ್ಜಿ ಮನೆಗೆ ನೇರ ಕರೆದುಕೊಂಡು ಹೋಗಲಿಲ್ಲ, ಕೈ ಹಿಡಿದು ಚೌಕಿಗೆ ಕರೆದೊಯ್ದರು. ಅಲ್ಲಿ ಮಹಿಷಾಸುರ ಕೂತು ತೆಂಗಿನೆಣ್ಣೆ ಹಾಕಿ ಮುಖ ಒರೆಸಿಕೊಳ್ಳುತ್ತಿದ್ದ! ಅಕ್ಕಿಹಿಟ್ಟಿನ ಚಿಟ್ಟಿ ಅರ್ಧ ಕಿತ್ತು ಬಂದಿತ್ತು. ಪಕ್ಕದಲ್ಲಿ ಒಂದು ಗ್ಲಾಸು ಚಾ. ನಮ್ಮನ್ನು ನೋಡಿ, “ಹೆದರಿದೆಯಾ ಮಗಾ?” ಎಂದು ಕೇಳಿದರು. ಆ ದನಿಯಲ್ಲಿ ದಣಿವಿತ್ತು. ಆ ಮೇಲೆ ನಮಗೆ ಮಹಿಷಾಸುರನ ಹೆದರಿಕೆ ಹೋಯಿತಾ? ಇಲ್ಲ, ಮರುವರ್ಷವೂ ಹೆದರಿದೆವು. ಆದರೆ ಆ ಹೆದರಿಕೆಯಲ್ಲಿ ಒಂದು ಖುಷಿಯಿತ್ತು. ಮನೆಗೆ ಬಂದು ನಿದ್ದೆ ಕೆಡಲಿಲ್ಲ.

ನಮ್ಮ ವಿದ್ಯಾರ್ಥಿಯ ಗ್ರಾನಿ ಎಂದೂ ಚೌಕಿಗೆ ಹೋಗುವುದಿಲ್ಲ, ಬಣ್ಣ ಒರೆಸುವುದಿಲ್ಲ, ಚಾ ಕುಡಿಯುವುದಿಲ್ಲ. ಹುಡುಗ ಕಂಬಳಿಯೊಳಗೆ ಒಬ್ಬನೇ ಆಡುತ್ತಾನೆ, ಒಬ್ಬನೇ ಹೆದರುತ್ತಾನೆ. ಫೋನ್ ಆರಿಸಿದ ಮೇಲೆ ಆ ಮುದುಕಿಯನ್ನು ತಲೆಯೊಳಗೆ ಇಟ್ಟುಕೊಂಡು ಒಬ್ಬನೇ ಮಲಗುತ್ತಾನೆ. ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಮೊದಲು ಬೈಗುಳ, ಆಮೇಲೆ ಫೋನು ಕಸಿಯುವುದು. ಹೀಗಿರುವಾಗ ಪ್ರಬಂಧದ ಪುಸ್ತಕ ಬಿಟ್ಟರೆ ಬೇರೆ ಯಾರಿಗೆ ಹೇಳಿಯಾನು? ಹೆದರಿದ್ದಕ್ಕೆ ಮಕ್ಕಳು ಕೆಡುವುದಿಲ್ಲ. ಒಬ್ಬೊಬ್ಬರೇ ಹೆದರುವ ಹಾಗೆ ನಾವು ಬಿಟ್ಟಿದ್ದೇವಲ್ಲ, ಅದಕ್ಕೆ ಕೆಡುತ್ತಾರೆ. ನಮ್ಮ ಅಭಿಪ್ರಾಯ ಇದು.

ಒಂದು ಶನಿವಾರ ಅವನ ಮನೆಗೆ ಹೋದೆವು. ತಂದೆ ಗಲ್ಫಿನಲ್ಲಿ. ರಾತ್ರಿ ಊಟದ ನಂತರ ಅದೇ ಫೋನಿಗೆ ಅವರ ವಿಡಿಯೋ ಕಾಲ್ ಬರುತ್ತದೆ. ಫೋನು ಕಸಿಯಿರಿ ಎಂದು ಉಪದೇಶ ಮಾಡುವುದು ಸುಲಭ, ಆದರೆ ಆ ಮಗುವಿನ ಅಪ್ಪ ಇರುವುದೂ ಅದರೊಳಗೇ ಅಲ್ಲವಾ? ತಾಯಿ ಚಾ ತರಲು ಒಳಗೆ ಹೋದರು. ಅಜ್ಜಿ ಜಗಲಿಯಲ್ಲಿ ಅಡಿಕೆ ಹೋಳು ಮಾಡುತ್ತಾ ಕೂತಿದ್ದರು. ಪಕ್ಕದಲ್ಲಿ ಆ ಕೋಲು.

“ಮಾಷ್ಟ್ರೇ, ಪುಳ್ಳಿ ಈಗ ನನ್ನ ಹತ್ತಿರ ಬರುವುದಿಲ್ಲ. ಮುದಿಪ್ರಾಯದ ವಾಸನೆ ಇರಬೇಕು” ಎಂದರು ತುಳುವಿನಲ್ಲಿ. ದೂರಿನ ದನಿಯಲ್ಲ, ನಗುತ್ತಲೇ ಹೇಳಿದರು. ನಮ್ಮ ಗಂಟಲು ಕಟ್ಟಿತು. ಎರಡು ತಿಂಗಳಿನಿಂದ ಆ ಮುದುಕಿ ಹಾಗೆ ನಂಬಿಕೊಂಡು ಕೂತಿದ್ದಾರೆ!

ವಿಷಯ ಬಿಡಿಸಿ ಹೇಳಿದೆವು. ಅವರಿಗೆ ಅರ್ಥವಾಗಲಿಲ್ಲ. ತೋರಿಸಿ ಎಂದರು. ಹುಡುಗ ಅಳುಕುತ್ತಾ ಫೋನ್ ತಂದ. ಆ ಆಟದಲ್ಲಿ ಗ್ರಾನಿ ಇಲ್ಲದೆ ಬರೀ ಅಭ್ಯಾಸಕ್ಕೆ ಆಡುವ ಒಂದು ದಾರಿಯೂ ಇದೆ. ಅದನ್ನು ಒತ್ತಿಸಿ, ಹಗಲು ಹೊತ್ತಿನಲ್ಲಿ, ಜಗಲಿಯಲ್ಲಿ, ಖಾಲಿ ಮನೆಯೊಳಗೆಲ್ಲ ಓಡಾಡಿದೆವು. ಯಾವ ಹಲಗೆ ಕಿರ್ ಎನ್ನುತ್ತದೆ, ಯಾವ ಕಪಾಟು ಎಲ್ಲಿದೆ ಎಂದು ಹುಡುಗನೇ ವಿವರಿಸಿದ. ಆಮೇಲೆ ಗ್ರಾನಿಯನ್ನೂ ತಂದೆವು. ಅಜ್ಜಿ ಕನ್ನಡಕ ಸರಿಮಾಡಿ ಬಗ್ಗಿ ನೋಡಿದರು.

“ಇಷ್ಟು ದೊಡ್ಡ ಮನೆಯಲ್ಲಿ ಇವಳೊಬ್ಬಳೇಯಾ? ಇವಳಿಗೆ ಮಕ್ಕಳು ಮರಿ ಇಲ್ಲವಾ?”

ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ನಮಗೂ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹುಡುಗ ನಕ್ಕ. “ಅಜ್ಜಿ, ಸುಮ್ಮನಿರಿ, ಅವಳಿಗೆ ಕೇಳ್ತದೆ!” ಎಂದ.

ಅಂದಿನಿಂದ ಎಲ್ಲ ಸರಿಯಾಯಿತು ಎಂದು ಕತೆ ಮುಗಿಸುವ ಆಸೆ. ಆದರೆ ಹಾಗಾಗಲಿಲ್ಲ. ಹುಡುಗ ಈಗಲೂ ತಾಯಿಯ ಕೋಣೆಯಲ್ಲೇ ಮಲಗುತ್ತಾನೆ. ಸಂಜೆ ಮಾತ್ರ ಅಜ್ಜಿಯ ಪಕ್ಕ ಕೂತು ಅಡಿಕೆ ಹೆಕ್ಕುತ್ತಾನಂತೆ. ಸದ್ಯಕ್ಕೆ ಅಷ್ಟಾಯಿತು.

ನಮ್ಮ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಕೇಳಿ, “ನೀವು ಮಾಷ್ಟ್ರಾ ಅಥವಾ ಗೇಮಿನ ಏಜೆಂಟಾ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಎಲ್ಲ ಆಟವೂ ಒಳ್ಳೆಯದು ಎಂದು ನಾವು ಹೇಳುತ್ತಿಲ್ಲ. ಹಣ ಕಟ್ಟಿ ಆಡುವ ಆಟಗಳು ಮನೆ ಮುರಿದದ್ದುಂಟು. ಅವನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದ್ದು ಸರಿಯೇ. ಗೊತ್ತಿಲ್ಲದ ದೊಡ್ಡವರು ಮಕ್ಕಳೊಂದಿಗೆ ಮಾತನಾಡುವ ಆಟಗಳ ಬಗ್ಗೆ ಎಚ್ಚರ ಬೇಕೇ ಬೇಕು. ಆದರೆ ಹೆದರಿಸುವ ಆಟವನ್ನು ಕಾನೂನು ತಡೆಯುವುದಿಲ್ಲ, ತಡೆದರೂ ಅದು ನಿಲ್ಲುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾಯಿತು, ಮರುವರ್ಷವೇ ಹೆಸರು ಬದಲಿಸಿ ಬಂತು. ನಮ್ಮ ಮಕ್ಕಳಿಗೆ ಹೊಸ ಹೆಸರು ನಮಗಿಂತ ಮೊದಲೇ ಗೊತ್ತಿತ್ತು!

ನಮಗೆ ತೋಚಿದ್ದು ಇಷ್ಟು. ಆಟ ಹಾಕಿಕೊಳ್ಳುವಾಗ ಅದರ ಹೆಸರಿನ ಹತ್ತಿರವೇ ಎಷ್ಟು ವರ್ಷದ ಮೇಲಿನವರಿಗೆ ಎಂಬ ಅಂಕಿ ಇರುತ್ತದೆ, ಅದನ್ನು ನೋಡಿ. ಸಣ್ಣ ಮಕ್ಕಳಿಗೆ ಊಟದ ನಂತರ, ಕತ್ತಲಲ್ಲಿ, ಕಿವಿಗೆ ಸಿಕ್ಕಿಸಿಕೊಂಡು ಇಂಥ ಆಟ ಬೇಡ. ಶಬ್ದ ಹೊರಗೆ ಕೇಳಿದರೆ ಅರ್ಧ ಹೆದರಿಕೆ ಅಲ್ಲಿಗೇ ಹೋಯಿತು. ವಾರಕ್ಕೊಮ್ಮೆಯಾದರೂ ಪಕ್ಕದಲ್ಲಿ ಕೂತು, “ನನಗೂ ತೋರಿಸು” ಎನ್ನಿ. ನಿದ್ದೆಯೇ ಬಾರದ, ಊಟ ಬಿಟ್ಟ ಮಗುವಾದರೆ ಉಪದೇಶ ಬೇಡ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಇದರ ಮೇಲೆ ಒಂದು, ಅದು ನಮ್ಮ ಸ್ವಾರ್ಥ: ಆಡಿದ್ದನ್ನು ಅವರ ಬಾಯಿಯಿಂದಲೇ ಹೇಳಿಸಿ, ಮನೆಯ ಭಾಷೆಯಲ್ಲಿ.

ಏಕೆ ಸ್ವಾರ್ಥವೆಂದರೆ, ನಾವು ಕನ್ನಡ ಕಲಿಸುವವರು. ನಮ್ಮ ತರಗತಿಯಲ್ಲಿ ಮನೆಮಾತು ಕನ್ನಡವಾದವರು ಕೆಲವರೇ. ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲ ಇದ್ದಾರೆ. ಆಟ ಇಂಗ್ಲಿಷಿನಲ್ಲಿ ಹೆದರಿಸುತ್ತದೆ, ಆ ಹೆದರಿಕೆಯನ್ನು ಹೇಳಲು ಮಕ್ಕಳಲ್ಲಿ ಮಾತಿಲ್ಲ. ಮಾತಿಗೆ ಸಿಗದ ಹೆದರಿಕೆ ಹೊಟ್ಟೆಯಲ್ಲೇ ಉಳಿಯುತ್ತದೆ. ಆ ಒಂಬತ್ತು ಪುಸ್ತಕಗಳಲ್ಲಿ ಮಕ್ಕಳು ಮಾತಿಗಾಗಿ ಎಷ್ಟು ಹುಡುಕಾಡಿದ್ದಾರೆ ಗೊತ್ತಾ? ಒಬ್ಬಳು ‘ಹಲಗೆ ನರಳಿತು’ ಎಂದು ಬರೆದಿದ್ದಳು. ಮಲಯಾಳ ಮನೆಮಾತಿನ ಒಬ್ಬ ‘ಕಪಾಟಿನೊಳಗೆ ಪದುಂಗಿ ಕೂತೆ’ ಎಂದು ಬರೆದಿದ್ದ. ಕೆಂಪು ಗೆರೆ ಎಳೆಯಲು ಮನಸ್ಸಾಗಲಿಲ್ಲ, ಹಾಗೆಯೇ ಬಿಟ್ಟೆವು. ‘ನನ್ನ ಶಾಲೆ’, ‘ಗಾಂಧೀಜಿ’ ಎಂಬ ವಿಷಯಗಳಿಗೆ ಅವರು ಎಂದಾದರೂ ಇಷ್ಟು ಕಷ್ಟಪಟ್ಟಿದ್ದುಂಟಾ?

ಆ ಹುಡುಗನ ಪುಸ್ತಕದಲ್ಲಿ ಕೊನೆಗೆ ‘ಉತ್ತಮ’ ಎಂದು ಬರೆಯಲೇ ಇಲ್ಲ. “ಅಜ್ಜಿಗೆ ಓದಿ ಹೇಳು” ಎಂದು ಬರೆದು ಸಹಿ ಹಾಕಿದೆವು. ಓದಿ ಹೇಳಿದನಾ ಇಲ್ಲವಾ ಎಂದು ಇನ್ನೂ ಕೇಳಿಲ್ಲ.

ನಿಮ್ಮ ಮನೆಯ ಮಕ್ಕಳು ಯಾವುದಕ್ಕೆ ಹೆದರುತ್ತಾರೆ? ಇವತ್ತು ರಾತ್ರಿ ಒಮ್ಮೆ ಕೇಳಿ ನೋಡಿ. ಬೈಯಬೇಡಿ ಮಾತ್ರ.